ಫಿನೋಲಾ ಟೀಚರ ಟಾನಿಕ್ಕು

ಮಳೆ ಬಿಡದ ಮೇಯೋ ಕರಾವಳಿಯ ಶಾಲೆಯಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದ ಫಿನೋಲಾ ಹೆಗಾರ್ಟಿಗೆ ಬಟಾಣಿ ಗಿಡದ ಅನುವಂಶೀಯತೆ ಬಾಯಿಪಾಠವಾಗಿತ್ತು. ತಾನೂ ಒಂದು ಬಟಾಣಿಯೇ ಎಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಸುಸ್ತು ಶುರುವಾದಾಗ ಊರವರೆಲ್ಲ ಮಾಡುವುದನ್ನೇ ಅವಳೂ ಮಾಡಿದಳು. ರಕ್ತ ಕಡಿಮೆಯಾಗಿದೆ ಎಂದುಕೊಂಡು ಬೆಳಿಗ್ಗೆ ಹಂದಿ ರಕ್ತದ ಸಾಸೇಜು, ಮಧ್ಯಾಹ್ನ ಈರುಳ್ಳಿ ಹಾಕಿ ಹುರಿದ ಲಿವರು, ಮೇಲೆ ಕಬ್ಬಿಣದ ಟಾನಿಕ್ಕು. ಸುಸ್ತು ಹೆಚ್ಚಿತು. ಟಾನಿಕ್ಕನ್ನೂ ಹೆಚ್ಚಿಸಿದಳು. ಪಕ್ಕದಲ್ಲೇ ಕುರಿ ಸಾಕಿಕೊಂಡಿದ್ದ ತಮ್ಮ ಫರ್ಗಲನಿಗೂ ಧಾರಾಳವಾಗಿ ಕುಡಿಸಿದಳು. ಅವನ ಮುಖ ಕಂದುಬಣ್ಣಕ್ಕೆ ತಿರುಗಿದ್ದನ್ನು ನೋಡಿ, ಟಾನಿಕ್ಕು ಮೈಗೆ ಹತ್ತಿದೆ ಎಂದು ಬೀಗಿದಳು.

ಕೊನೆಗೆ ರಕ್ತಪರೀಕ್ಷೆ ಮಾಡಿಸಿದ ಡಾಕ್ಟರು ಬೇರೆಯೇ ಹೇಳಿದರು. ಅವಳ ರಕ್ತದಲ್ಲಿ ಕಬ್ಬಿಣ ವಿಪರೀತವಾಗಿತ್ತು. ತಿಂದದ್ದರಲ್ಲಿನ ಕಬ್ಬಿಣವನ್ನು ಮೈ ಸಾಕೆನ್ನದೆ ಹೀರುವಂತೆ ಮಾಡುವ ಜೀನು ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದಿತ್ತು. ತಾಯಿಯ ಕಡೆಯಿಂದ ತನಗೇನೂ ಬಂದಿಲ್ಲವೆಂದು ಅವಳು ಕೊಚ್ಚುತ್ತಿದ್ದ ಜಂಬ ಅಲ್ಲಿಗೆ ಮುಗಿಯಿತು. ಕಬ್ಬಿಣ ಇಳಿಯಲು ವಾರಕ್ಕೊಮ್ಮೆ ರಕ್ತ ತೆಗೆಸುವುದೇ ಚಿಕಿತ್ಸೆ. “ತಮ್ಮನನ್ನೂ ಕಳಿಸಿ. ತಡವಾದರೆ ಲಿವರ್ ಹೋಗುತ್ತೆ,” ಎಂದರು ಡಾಕ್ಟರು.

ಫರ್ಗಲ್ ಒಲೆಯ ಮುಂದೆ ಚಹಾ ಹೀರುತ್ತ ನಕ್ಕ. “ಮೊದ್ಲು ಕಬ್ಬಿಣ ಕುಡಿ ಅಂದೆ, ಈಗ ತೆಗೆಸು ಅಂತೀಯ. ನಾನೇನು ಗುಜರಿ ಟ್ರ್ಯಾಕ್ಟರಾ ಟೀಚರಮ್ಮ?”

“ಟ್ರ್ಯಾಕ್ಟರಾಗಿದ್ರೆ ತಿರುಗಿಸಿದ ಕಡೆ ತಿರುಗ್ತಿದ್ದೆ ಕಣೋ.”

ಅವನು ಜಗ್ಗಲಿಲ್ಲ. ತಪ್ಪು ಪಾಠ ಹೇಳಿದವಳನ್ನು ನಂಬು ಎನ್ನಲು ಅವಳಿಗೂ ಮುಖವಿರಲಿಲ್ಲ. ಆದರೆ ರಕ್ತ ತೆಗೆಸಿಕೊಂಡವಳು ಕಾರು ಓಡಿಸುವಂತಿರಲಿಲ್ಲವಾದ್ದರಿಂದ ಆಸ್ಪತ್ರೆಗೆ ಅವನೇ ಕರೆದೊಯ್ಯಬೇಕಾಯಿತು.

ನರ್ಸು ಓನಾ ಅವನ ಮುಖವನ್ನೇ ನೋಡಿದಳು. “ಸ್ಪೇನಿಗೆ ಹೋಗಿದ್ರಾ? ಚೆನ್ನಾಗಿ ಬಿಸಿಲು ಕಾಯಿಸ್ಕೊಂಡು ಬಂದ ಹಾಗಿದೆ.”

“ಕುರಿಸಂತೆ ದಾಟಿ ಆಚೆ ಹೋದೋನೇ ಅಲ್ಲಮ್ಮ.”

“ಮತ್ತೆ ಈ ಮಳೇಲಿ ಬಿಸಿಲು ನಿಮಗೊಬ್ಬರಿಗೇ ಬಿತ್ತಾ? ಎಲ್ಲಿ, ಕೈ ಕೊಡಿ.”

ಕೈ ಕುಲುಕಿದಾಗ ಗೆಣ್ಣಿನ ನೋವಿಗೆ ಫರ್ಗಲ್ ಹಲ್ಲು ಕಚ್ಚಿದ. “ಕಬ್ಬಿಣ ಜಾಸ್ತಿ ಆದ್ರೆ ಮೈಬಣ್ಣ ಹೀಗೇ ತಿರುಗುತ್ತೆ, ಗೆಣ್ಣೂ ನೋಯುತ್ತೆ. ಆ ಕುರ್ಚೀಲಿ ಕೂತ್ಕೊಳ್ಳಿ, ಅಂಗಿ ತೋಳು ಮೇಲೇರಿಸಿ,” ಎಂದಳು ಓನಾ. ಅಕ್ಕನ ಮಾತಿಗೆ ಜಗ್ಗದವನು ಕುರಿಮರಿಯಂತೆ ಕೂತ. ತಾನು ಮೂರು ವರ್ಷ ಹೊಗಳಿದ ಆ ಮೈಬಣ್ಣವನ್ನು ಫಿನೋಲಾ ಮೊದಲ ಸಲ ಸರಿಯಾಗಿ ನೋಡಿದಳು.

ಪರೀಕ್ಷೆಗಳೆಲ್ಲ ಮುಗಿದವು. ಅವನ ಕಬ್ಬಿಣ ಅವಳದಕ್ಕಿಂತ ದುಪ್ಪಟ್ಟು. ಲಿವರ್ ಇನ್ನೂ ಕೆಟ್ಟಿರಲಿಲ್ಲ. ಅದೊಂದನ್ನು ಫಿನೋಲಾ ಡಾಕ್ಟರ ಬಾಯಲ್ಲಿ ಎರಡು ಸಲ ಹೇಳಿಸಿದಳು.

“ನೋಡಿದ್ಯಾ ಅಕ್ಕ, ಜೀವಮಾನದಲ್ಲಿ ಮೊದಲ ಸಲ ನಿನಗಿಂತ ಜಾಸ್ತಿ ಮಾರ್ಕ್ಸ್ ತಗೊಂಡೆ!” ಎಂದ ಫರ್ಗಲ್.

“ತಗೊಳ್ದೆ ಏನು? ಟ್ಯೂಷನ್ ಹೇಳಿದ್ದು ನಾನಲ್ವಾ,” ಎಂದಳು ಫಿನೋಲಾ.