ಕಟ್ಟಿ ಮ್ಯಾಲ ಓದಿದ ನಿದ್ದಿ ಸುರುಳಿ

ಮೊದಲ ಒಂದ ಮಾತ ಹೇಳಿ ಬಿಡ್ತೀನಿ. ನಾ ಮಂತ್ರದ ಸುರುಳಿ ಬರೀತೀನಿ. ಇನ್ನೂ ಬರ್ಯಾಕ ಹತ್ತೀನಿ, ಕೈ ಗಟ್ಟಿ ಇರೂತನಾ ಬರೀತೀನಿ. ಇದನ್ನ ಕೇಳಿ ಯಾರಿಗರೆ ಬ್ಯಾಡ ಅನಸಿದ್ರ ಎದ್ದ ಹೋಗಬಹುದು. ನನ್ನ ಅಂಗಡಿಯಿಂದ ಹಂಗ ಎದ್ದ ಹೋದವರು ಭಾಳ ಮಂದಿ ಅದಾರ, ಇನ್ನೊಬ್ಬರು ಹೋದ್ರ ನನಗೇನೂ ಕಡಿಮಿ ಬೀಳೂದಿಲ್ಲ.

ನಾ ಟೇಲರ್. ಸಂಖ ಅನ್ನೂ ಊರಾಗ ಎಸ್ಟಿ ಬಸ್ ಸ್ಟ್ಯಾಂಡಿಗೆ ಹೋಗೂ ಹಾದಿ ಮ್ಯಾಲ ನನ್ನ ಅಂಗಡಿ. ಸೀರಿ ಮ್ಯಾಲಿನ ಜಂಪರ, ಸೀರಿ ಫಾಲು, ಸಾಲಿ ಹುಡುಗ್ಯಾರ ಡ್ರೆಸ್ಸು, ಇಷ್ಟ ನನ್ನ ಕೆಲಸ. ಅಂಗಡಿ ಹಿಂದನ ಮನಿ, ಮನ್ಯಾಗ ನಾನು ನಮ್ಮವ್ವ ಇಬ್ಬರ. ಲಗ್ನ ಯಾಕ ಆಗಲಿಲ್ಲ ಅಂತ ಕೇಳಾವರಿಗೆ ಅಳತಿ ಕೂಡಲಿಲ್ಲ ಅಂತ ಹೇಳ್ತೀನಿ.

ಈ ಸುರುಳಿ ನನ್ನ ಕೈಗೆ ಹತ್ತಿದ್ದು ಒಂದ ಆಟದಿಂದ. ನನ್ನ ಸಾಲಿ ಗೆಳತಿ ಒಬ್ಬಾಕಿ ಊರಾಗ ಮೆಡಿಕಲ್ ಅಂಗಡಿ ನಡಸ್ತಾಳ. ಔಷಧದ ಕೋರ್ಸ್ ಕಲ್ಯಾಕ ಸಾಂಗ್ಲಿಗೆ ಹೋಗಿದ್ದಾಗ ಹಾಸ್ಟೆಲಿನಾಗ ಈ ಆಟ ಕಲತ ಬಂದಳು. ಐತವಾರ ಮಧ್ಯಾಹ್ನ ನನ್ನ ಅಂಗಡಿ ಬಾಗಲಾ ಮುಚ್ಚಿ, ಅರಿವಿ ಕತ್ತರಸೂ ಟೇಬಲ್ ಸುತ್ತ ನಾಕ ಮಂದಿ ಕುಂದರತಿದ್ವಿ. ಗೆಳತಿ ಕತಿ ಹೇಳಾಕಿ. ಅಕಿ ಗಂಡ, ಎಸ್ಟಿ ಕಂಡಕ್ಟರ್, ಆಟದಾಗ ಕಳ್ಳ. ಕರಜಗಿಯಿಂದ ಜೀಪ ಹತ್ತಿ ಬರೂ ಸಾಲಿ ಕಲಸೂ ಅಕ್ಕೋರು ಕತ್ತಿ ಹಿಡದ ಬಂಟ. ನಾ ಮಂತ್ರಗಾರ್ತಿ, ಹಲ್ಲ ಬಿದ್ದ ಒಂದ ಮುದಕಿ. 'ಮುಂದ ಒಂದ ಹಾಳ ಕ್ವಾಟಿ ಐತಿ, ಏನ ಮಾಡ್ತೀರಿ?' ಅಂತ ಗೆಳತಿ ಕೇಳಾಕಿ. ನಾವು ಬಾಯಿಲೇ ಹೇಳಾವ್ರು, ಆಮ್ಯಾಲ ಇಪ್ಪತ್ತ ಮುಖದ ದಾಳ ಉರುಳಸಾವ್ರು. ದೊಡ್ಡ ಸಂಖ್ಯಾ ಬಿದ್ರ ಹೇಳಿದ್ದ ಕೆಲಸ ಆದಂಗ, ಸಣ್ಣದ ಬಿದ್ರ ಕೆಟ್ಟಂಗ. ಇಷ್ಟ ಆಟ. ನೋಡಾಕ ಏನೂ ಇಲ್ಲ, ಎಲ್ಲಾ ತಲ್ಯಾಗ.

ಉಳದವರು ಕತ್ತಿ ಹಿಡದ ಓಡ್ಯಾಡಿದ್ರ, ಮಂತ್ರಗಾರ್ತಿ ಒಂದ ಕಡೆ ಕುಂತ ಸುರುಳಿ ಬರೀಬೇಕು. ಆಟದಾಗ ಅದಕ್ಕ ದಿನಗಟ್ಟಲೆ ಹಿಡೀತೈತಿ. ಕಂಡಕ್ಟರ್‌ಗೆ ಬ್ಯಾಸರ, ನನಗ ಅದ ಸ್ವರ್ಗ. ಆ ಮುದಕಿ ಬರ್ಯಾಕ ಕುಂತಾಗ ಯಾರೂ ಬಂದು 'ಲಗೂನ ಒಂದ ಹುಕ್ ಹಚ್ಚಿ ಕೊಡವಾ' ಅನ್ನೂದಿಲ್ಲ. ಅಕಿ ಬರಿಯೂತನಾ ಎಲ್ಲಾರೂ ಕಾಯಬೇಕು. ನನ್ನ ಜನ್ಮದಾಗ ನನಗ ಯಾರೂ ಕಾದಿಲ್ಲ, ನಾನ ಎಲ್ಲಾರ ತಾರೀಖಿಗೆ ಕಾದೀನಿ.

ಗೆಳತಿ ನಮ್ಮ ಟೇಬಲ್‌ಗೆ ಅಂತ ಒಂದ ನಿಯಮ ಮಾಡಿದ್ದಳು. ಸುರುಳಿ ಬೇಕಂದ್ರ ಖರೇನ ಬರದ ತರಬೇಕು, ಒಂದ ಅಕ್ಷರಾ ತಿದ್ದಿದ್ರ ಆ ಹಾಳಿ ಕೆಟ್ಟಂಗ. ಗಟ್ಟಿಯಾಗಿ ಓದಿದ್ರ ಮಂತ್ರ ಖರ್ಚಾತು, ಅಲ್ಲೇ ಹರದ ಹಾಕಬೇಕು. ನನಗ ಇದ ಸರಿ ಅನಸ್ತು. ಕತ್ರಿ ಹಾಕಿದ ಅರಿವಿ ಹೊಳ್ಳಿ ಕೂಡತೈತೇನು?

ಹಿಂಗಾಗಿ ಜಂಪರದ ಅಳತಿ ತಗಿಯೂ ಖಾಕಿ ಹಾಳಿ ಉದ್ದಕ ಕತ್ತರಸಿ, ಚಹಾದ ಡಿಕಾಕ್ಷನ್‌ನಾಗ ಅದ್ದಿ, ಒಳಗ ಹಗ್ಗಕ್ಕ ಒಣಗಹಾಕಿ, ಅಂಚ ಒಲಿ ಮ್ಯಾಲ ತುಸು ಕರಕ ಮಾಡ್ತಿದ್ದೆ. ಕೆಂಪ ಶಾಯಿಲೇ ಬರದು, ಸುತ್ತಿ, ಕೆಂಪ ದಾರ ಕಟ್ಟತಿದ್ದೆ. ಭಾಳ ಚಂದ ಆಗ್ತಿದ್ವು. ನಮ್ಮವ್ವ ನೋಡಿ, 'ಇಷ್ಟ ನಾಜೂಕ ಕೆಲಸ ಗಿರಾಕಿ ಜಂಪರಕ್ಕ ಮಾಡಿದ್ರ ಬಂಗಾರದ ಬಳಿ ಹಾಕ್ಕೋತಿದ್ದಿ' ಅಂತಿದ್ದಳು.

ಆ ಸಲ ಆಟದಾಗ ಕ್ವಾಟಿ ಬಾಗಲಾ ಕಾಯಾಕ ಒಂದ ಕರೀ ಪ್ರಾಣಿ ನಿಂತಿತ್ತು. ಅದನ್ನ ಮಲಗಿಸಾಕ ನಾ ನಿದ್ದಿ ಸುರುಳಿ ಬರದೆ. ಮೂರ ಹಾಳಿ ಕೆಟ್ಟ ಮ್ಯಾಲ ನಾಕನೇದ ಸರಿ ಬಂತು.

'ಕಾಯೂ ಕಣ್ಣ ಮುಚ್ಚಲಿ, ನಿಂತ ಕಾಲ ಮಡಚಲಿ, ಕರೀ ಮೈ ನೆಲಾ ಹಿಡೀಲಿ, ನಾ ದಾಟೂತನಾ ಏಳದಿರಲಿ.'

ಈಗ ನನ್ನ ಕಸಬಿನ ಒಂದ ರೂಢಿ ಹೇಳಬೇಕು. ಟೇಲರ್ ಅಂದ್ರ ಅರಿವಿ ಕಳ್ಳರು ಅಂತ ಊರಿಗೆಲ್ಲಾ ಸಂಶೆ. ಅದಕ್ಕ ನಾ ಉಳದ ಚೂರೂ ಬಿಡದ ಸುರುಳಿ ಸುತ್ತಿ, ಖಾಕಿ ಹಾಳಿ ಹಚ್ಚಿ, ದಾರ ಕಟ್ಟಿ, ಹೊಲದ ಜಂಪರದ ಜೋಡಿ ಪಿಶವ್ಯಾಗ ಇಟ್ಟ ಕೊಡ್ತೀನಿ. ನೋಡ್ರಿ, ನಿಮ್ಮದ ನಿಮಗ, ಅಂತ. ಆ ಶನಿವಾರ ಎಮ್ಮಿ ಮನಿ ವೈನಿ ಬಂದ್ರು. ನಮ್ಮ ಓಣಿಗೆಲ್ಲಾ ಹಾಲ ಹಾಕಾವರು ಅವರ. ಮನ್ಯಾಗ ಲಗ್ನ ನಿಶ್ಚೆ ಕಾರ್ಯ ಇತ್ತು, ಹಸರ ಖಣದ ಜಂಪರ ಹೊಲ್ಯಾಕ ಕೊಟ್ಟಿದ್ದರು. 'ಲಗೂನ ಕೊಡವಾ, ಹಾಲ ಒಲಿ ಮ್ಯಾಲ ಇಟ್ಟ ಬಂದೀನಿ' ಅಂತ ಬಾಗಲಾಗ ನಿಂತ ಕುಣೀಲಾಕ ಹತ್ತಿದ್ರು. ನಾ ಗಡಿಬಿಡಿಲೇ ಪಿಶವಿ ತುಂಬಿ ಕೊಟ್ಟೆ.

ಮರುದಿನ ಐತವಾರ ಆಟದಾಗ ಕರೀ ಪ್ರಾಣಿ ಮುಂದ ಬಂದಿವಿ. ನಾ ದೊಡ್ಡ ಮಂತ್ರಗಾರ್ತಿಗತೆ ಎದ್ದ ನಿಂತು, ದಾರ ಬಿಚ್ಚಿ, ಸುರುಳಿ ಉದ್ದಕ ಬಿಟ್ಟೆ. ಒಳಗ ಹಸರ ಖಣದ ಚೂರ. ಕಂಡಕ್ಟರ್ ನಕ್ಕು ನಕ್ಕು ಕುರ್ಚಿ ಬಿಟ್ಟ ಕೆಳಗ ಬಿದ್ರು. ನಾವು ಇನ್ನೂ ನಗೂದ ನಿಲ್ಲಿಸಿದ್ದಿಲ್ಲ, ನಮ್ಮವ್ವ ಹೊರಗಿಂದ ತೇಕಕೋತ ಬಂದಳು. ಎಮ್ಮಿ ಮನಿ ವೈನಿ ಮುಂಜಾನಿ ಜಂಪರ ತಗ್ಯಾಕ ಹೋಗಿ ಪಿಶವ್ಯಾಗ ಆ ಸುರುಳಿ ನೋಡಿದ್ದರು. ಕರಕಾದ ಹಾಳಿ, ಕೆಂಪ ಅಕ್ಷರ, ಕೆಂಪ ದಾರ. ಅದ ಹೊತ್ತಿಗೆ ದನದ ಮನ್ಯಾಗ ಅವರ ಎಮ್ಮಿ ನೆಲಾ ಹಿಡದ ಕುಂತಿತ್ತು, ಎಬ್ಬಿಸಿದ್ರ ಏಳವಲ್ದು.

ಕರೀ ಮೈ ನೆಲಾ ಹಿಡೀಲಿ. ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಹೋತು.

ಮಾಟಕ್ಕ ನಮ್ಮ ಕಡೆ ಭಾನಾಮತಿ ಅಂತಾರ. ಸಂಜಿ ಆಗೂದರಾಗ ಆ ಶಬ್ದ ಓಣಿ ತುಂಬ ಓಡ್ಯಾಡಿ ನನ್ನ ಬಾಗಲಕ್ಕ ಬಂದ ಕುಂತಿತ್ತು. ದನದ ಡಾಕ್ಟರ್ ಬಂದು ನೋಡಿ, ನಿಶ್ಚೆ ಗದ್ದಲದಾಗ ಎಮ್ಮಿ ನೆನಸಿಟ್ಟ ಜ್ವಾಳದ ಬುಟ್ಟಿಗೆ ಬಾಯಿ ಹಾಕಿ ಹೊಟ್ಟಿ ಉಬ್ಬಿಸಿಕೊಂಡೈತಿ ಅಂದ್ರು, ಎಣ್ಣಿ ಕುಡಿಸಿದ್ರು. ಎಮ್ಮಿ ಎದ್ದ ನಿಂತು ಹೊಟ್ಟು ತಿನ್ನಾಕ ಹತ್ತಿತು. ಮಂದಿ ಮಾತ್ರ ಕುಂತಲ್ಲೇ ಕುಂತ್ರು. ಸುರುಳಿ ಮ್ಯಾಲ ಬೇವಿನ ತೊಪ್ಪಲಾ, ಉಪ್ಪ ಹಾಕಿದ್ದಕ್ಕ ಎಮ್ಮಿ ಎದ್ದೈತಿ ಅಂದ್ರು. ಗಡಿಗಿ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಾಕ ಆದೀತೇನು?

ನಾಳೆ ಮುಂಜಾನಿ ಹಣಮಪ್ಪನ ಗುಡಿ ಕಟ್ಟಿಗೆ ಬಾ ಅಂತ ಓಣಿ ಹಿರಿಯರು ಹೇಳಿ ಕಳಿಸಿದ್ರು. ದೇವರ ಮುಂದ ನಿಂತು 'ಇನ್ನ ಮ್ಯಾಲ ಇಂಥಾದ್ದು ಮಾಡೂದಿಲ್ಲ' ಅನ್ನಬೇಕು, ಉಳದ ಸುರುಳಿ ಒಲಿಗೆ ಹಾಕಬೇಕು. ಇಷ್ಟ ಅಂದ್ರ ಮುಗೀತಂತ.

'ಅಂದ ಬಿಡ,' ಅಂದಳು ನಮ್ಮವ್ವ. 'ಒಂದ ಮಾತ ಅಂದ್ರ ನಿನ್ನ ಬಾಯೇನ ಸವೀತೈತಿ?'

'ಆ ಮೂಲಿ ಮನಿ ಅಜ್ಜಿ ನೆನಪೈತೇನು?' ಅಂದೆ.

ನಾ ಸಣ್ಣಾಕಿದ್ದಾಗ ನಮ್ಮ ಓಣಿ ಮೂಲ್ಯಾಗ ಒಬ್ಬಾಕಿ ಅಜ್ಜಿ ಇದ್ದಳು. ಅಕಿ ಮ್ಯಾಲ ಯಾರೋ ಹಿಂಗ ಭಾನಾಮತಿ ಮಾತ ಹಾಕಿದ್ರು. ಅಕಿ ಬ್ಯಾಸತ್ತು, ಜಗಳ ಮುಗೀಲಿ ಅಂತ ಮಂದಿ ಮುಂದ 'ತಪ್ಪಾತ್ರೆಪ್ಪಾ, ಇನ್ನ ಮಾಡೂದಿಲ್ಲ' ಅಂದಳು. ಅಂದ ಮ್ಯಾಲ ಯಾವ ಕರಾ ಸತ್ರೂ, ಯಾವ ಕೂಸಿಗೆ ಜ್ವರಾ ಬಂದ್ರೂ ಅಕಿ ಮನಿ ಕಡೆ ನೋಡಾವ್ರು. ಸಾಯೂತನಾ ಅಕಿ ಕೈಲೆ ಒಬ್ಬರೂ ನೀರ ಇಸಕೊಂಡ ಕುಡೀಲಿಲ್ಲ. ಅಕಿ ಬಾಗಲದ ಮುಂದ ಹಾಯಬ್ಯಾಡ ಅಂತ ನನಗ ಹೇಳತಿದ್ದಾಕಿ ನಮ್ಮವ್ವನ. ಒಂದ ಮಾತಿನ ಕಿಮ್ಮತ್ತ ಅದು. ಅದನ್ನ ನೋಡಿ ಬೆಳದಾಕಿ ನಾ, ಆ ಮಾತ ನನ್ನ ಬಾಯಿಂದ ಹೊಂಡಸೂದ ಯಾರ ಕೈಲೂ ಆಗೂದಿಲ್ಲ.

ಆದ್ರ ಹೆದರಿಕಿ ಆಗಿತ್ತು, ಸುಳ್ಳ ಯಾಕ ಹೇಳಲಿ. ಮುಂಜಾನಿ ಕಟ್ಟಿಗೆ ಹೋದೆ. ಗೆಳತಿ, ಕಂಡಕ್ಟರ್ ಬಂದ ನನ್ನ ಬಾಜೂಕ ನಿಂತ್ರು. ಅಕ್ಕೋರು ಬರಲಿಲ್ಲ. ನೌಕರಿ ಐತಿ, ಹೆಸರ ಬಂದ್ರ ತ್ರಾಸ ಅಂತ ಫೋನ್ ಮಾಡಿದ್ರು.

ಕಟ್ಟಿ ತುಂಬ ಮಂದಿ. ಎಮ್ಮಿ ಮನಿ ವೈನಿ ಸೆರಗ ಬಾಯಿಗೆ ಹಿಡಕೊಂಡ ನಿಂತಿದ್ರು. ಅವರ ಅತ್ತಿ, ನಾವೆಲ್ಲಾ ಆಯಿ ಅಂತೀವಿ, ಕೆಳಗ ಕುಂತಿದ್ರು. ಅವರ ಮಾವ ಕಂಬಕ್ಕ ಆನಕೊಂಡ ಕುಂತಿದ್ರು. ಬೇವಿನ ತೊಪ್ಪಲದಾಗ ಸುತ್ತಿದ ನನ್ನ ಸುರುಳಿ ನಡುವ ಇತ್ತು.

'ತಂಗೀ, ನಾವೇನ ನಿನಗ ಊರ ಬಿಡಸಾಕ ಬಂದಿಲ್ಲ,' ಅಂದ್ರು ಹಿರಿಯರು. 'ಒಂದ ಮಾತ ಅನ್ನ, ಮನಿಗೆ ಹೋಗ.'

'ಕಾಕಾ, ಇನ್ನ ಮ್ಯಾಲ ಮಾಡೂದಿಲ್ಲ ಅಂದ್ರ ಇಲ್ಲೀತನಾ ಮಾಡೀನಿ ಅಂತ ಆತು. ನಾ ಎಮ್ಮಿಗೆ ಏನೂ ಮಾಡಿಲ್ಲರಿ. ಅಲ್ಲಿ ಬರದದ್ದು ಆಟದ ಮಾತ. ಆ ಪಿಶವ್ಯಾಗ ಹೋದದ್ದು ನನ್ನ ಗಡಿಬಿಡಿ, ಅದಕ್ಕ ವೈನಿ ಮುಂದ ಬೇಕಾದ್ರ ಕೈ ಮುಗೀತೀನಿ. ಮಾಟದ ಮಾತ ನಾ ಅನ್ನೂದಿಲ್ಲ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಳ್ಳಾಕಿ ನಾ ಅಲ್ಲ.'

ಹಿಂದಿಂದ ಯಾರೋ 'ಎಷ್ಟ ಸೊಕ್ಕ ನೋಡ' ಅಂದ್ರು. ಅದನ್ನ ಕೇಳಿ ನನ್ನ ಹೆದರಿಕಿ ಹೋಗಿ ಸಿಟ್ಟ ಬಂತು. ಹೋಗಿ ತೊಪ್ಪಲಾ ಬಿಡಿಸಿ ಸುರುಳಿ ತಗೊಂಡೆ. ಮುಂದಿದ್ದವರು ಎರಡ ಹೆಜ್ಜಿ ಹಿಂದ ಸರದ್ರು.

'ಇದು ನಿದ್ದಿ ಮಂತ್ರ. ಕೇಳಿದವರು ಮಲಗಬೇಕು,' ಅಂದೆ. 'ಈಗ ಇಲ್ಲೇ ಓದ್ತೀನಿ. ಒಬ್ಬರರೆ ಮಲಗಿದ್ರ ನೀವ ಹೇಳಿದಂಗ ಕೇಳ್ತೀನಿ.'

ಗೆಳತಿ ನನ್ನ ತೋಳ ಹಿಡದಳು. 'ಓದಿದ್ರ ಖರ್ಚ ಆಕ್ಕೈತಿ ನೋಡ' ಅಂತ ಕಿವ್ಯಾಗ ಅಂದಳು. ನಾ ಕೈ ಬಿಡಿಸಿಕೊಂಡೆ.

ಗಟ್ಟಿಯಾಗಿ, ಒಂದೊಂದ ಅಕ್ಷರಾ ಬಿಡಿಸಿ ಓದಿದೆ. ಕಾಯೂ ಕಣ್ಣ ಮುಚ್ಚಲಿ. ನಿಂತ ಕಾಲ ಮಡಚಲಿ. ಹೆಣ್ಣಮಕ್ಕಳು ಕಿವಿ ಮುಚ್ಚಿಕೊಂಡ್ರು, ಗಂಡಸರು ಮುಚ್ಚಿಕೊಳ್ಳಾಕ ನಾಚಿ ಹಂಗ ನಿಂತ್ರು. ಓದಿ ಮುಗಿಸಿದೆ. ಯಾರೂ ಮಲಗಲಿಲ್ಲ. ಅಷ್ಟೊತ್ತಿಗೆ ಕಂಬದ ಕಡೆಯಿಂದ ಗೊರಕಿ ಸಪ್ಪಳ ಬಂತು.

ಎಲ್ಲಾರೂ ತಿರುಗಿ ನೋಡಿದ್ರು. ವೈನಿ ಮಾವ ಬಾಯಿ ತಕ್ಕೊಂಡ ಮಲಗಿದ್ರು. ವೈನಿ ಮುಖಾ ಬೆಳ್ಳಗಾತು, ಹಿರಿಯರು ಎದ್ದ ನಿಂತ್ರು. 'ಇಲ್ಲಿ ನೋಡ್ರಿ, ಮತ್ತ ಏನಂತೀರಿ ಈಗ?' ಅಂತ ಯಾರೋ ಅಂದ್ರು.

ಆಯಿ ಕುಂತಲ್ಲಿಂದನ ಬಾಯಿ ಮಾಡಿದ್ರು. 'ಏ ಸುಮ್ಮ ಕುಂದ್ರಿ. ಇಂವ ಅಕಿ ಓದೂಕಿಂತಾ ಮೊದಲ ಮಲಗ್ಯಾನ. ನಮ್ಮ ಲಗ್ನದಾಗ ಅಕ್ಕಿಕಾಳ ಬಿದ್ದಾಗೂ ಮಲಗಿದ್ದ. ಆಗೇನ ಇಕಿ ಹುಟ್ಟಿದ್ದಳೇನು?'

ಮೊದಲ ನಕ್ಕಾವ್ರು ಕಂಡಕ್ಟರ್. ಆಮ್ಯಾಲ ಹೆಣ್ಣಮಕ್ಕಳು, ಆಮ್ಯಾಲ ಹಿರಿಯರೂ ನಕ್ರು. ನಗಿ ಗದ್ದಲಕ್ಕ ಮುದಕಪ್ಪ ಎದ್ದು, 'ಮುಗೀತೇನು?' ಅಂತ ಕೇಳಿದ. ಮುಗದಿತ್ತು. ನಾ ಎಲ್ಲಾರ ಮುಂದ ಸುರುಳಿ ಹರದ, ಚೂರ ಸೆರಗಿನಾಗ ಕಟ್ಟಿಕೊಂಡ ಹೊಂಟೆ. ಆ ಮಾತ ನಾ ಅನ್ನಲಿಲ್ಲ.

ಹಂಗಂತ ಎಲ್ಲಾ ಚಲೋ ಆತು ಅನಕೋಬ್ಯಾಡ್ರಿ. ಎಮ್ಮಿ ಮನಿ ವೈನಿ ಈಗ ಜತ್ತಕ್ಕ ಹೋಗಿ ಜಂಪರ ಹೊಲಸ್ತಾರ. ಅಲ್ಲಿ ತೋಳ ಬಿಗಿ ಮಾಡಿ ಕೊಡ್ತಾರಂತ, ಕೊಡಲಿ. ಅಕ್ಕೋರು ಆಟಕ್ಕ ಬರೂದ ಬಿಟ್ರು. ಅವರ ಮ್ಯಾಲ ನನಗ ಇನ್ನೂ ಸಿಟ್ಟೈತಿ.

ಮುಂದಿನ ಐತವಾರ ಆಟದಾಗ ಮತ್ತ ಅದ ಕರೀ ಪ್ರಾಣಿ. ನನ್ನ ಕೈಯಾಗ ಸುರುಳಿ ಇಲ್ಲ. 'ಕಟ್ಟಿ ಮ್ಯಾಲ ಓದಿದ್ದು ಆಟದಾಗ ಹಿಡಿಬಾರದು' ಅಂತ ಕಂಡಕ್ಟರ್ ವಾದಾ ಮಾಡಿದ್ರು. ಗೆಳತಿ ನನ್ನ ಮುಖಾ ನೋಡಿದಳು. 'ಓದಿದ್ದು ಓದಿದ್ದ, ಖರ್ಚ ಬರಕೋ' ಅಂದೆ ನಾನ.

ಅಷ್ಟರಾಗ ಬಾಗಲಾ ಸರಿಸಿ ಆಯಿ ಒಳಗ ಬಂದ್ರು. ಅಕ್ಕೋರ ಖಾಲಿ ಕುರ್ಚಿ ಮ್ಯಾಲ ಕುಂತು, ದನಿ ಸಣ್ಣ ಮಾಡಿ ಅಂದ್ರು: 'ಯವ್ವಾ, ನನ್ನ ಗಂಡನ ನಿದ್ದಿ ನೋಡಿಯಲ್ಲ, ನನಗ ಅದರಾಗ ಕಾಲ ಪಾಲೂ ಇಲ್ಲ. ನನಗೂ ಒಂದ ಅಂಥಾ ಚೀಟಿ ಬರದ ಕೊಡ. ಯಾರಿಗೂ ಹೇಳೂದಿಲ್ಲ.'

ಬರದ ಕೊಟ್ಟಿದ್ರ ನಾಳೆಯಿಂದ ಓಣಿ ಹೆಣ್ಣಮಕ್ಕಳು ನನಗ ಕೈ ಮುಗಿಯಾಕ ಬರ್ತಿದ್ರು, ನನಗ ಗೊತ್ತಿತ್ತು. ಆಯಿ ಮುಖಾ ನೋಡಿ ಸಂಕಟಾನೂ ಆತು.

'ಆಯಿ, ಅದರಾಗ ಏನೂ ಇಲ್ಲರಿ,' ಅಂದೆ. 'ಎಮ್ಮಿಗೂ ಇದ್ದಿದ್ದಿಲ್ಲ, ನಿಮಗೂ ಇಲ್ಲ. ಕಟ್ಟಿ ಮ್ಯಾಲ ಸುಳ್ಳ ಅಂದಿದ್ದನ್ನ ಇಲ್ಲಿ ಖರೇ ಅನ್ನೂದಿಲ್ಲ. ನಿದ್ದಿಗೆ ಡಾಕ್ಟರ್ ಕಡೆ ಹೋಗೋಣು, ನಾ ಜೋಡಿ ಬರ್ತೀನಿ. ಈಗ ಕುಂದ್ರಿ, ಚಹಾ ಕುಡೀರಿ.'

ಆಯಿ ನನ್ನ ಕೈಲೇ ಚಹಾ ಇಸಕೊಂಡ್ರು, ಬಸಿಗೆ ಹಾಕ್ಕೊಂಡ ಕುಡದ್ರು. ಕುಡಕೋತ ಟೇಬಲ್ ಮ್ಯಾಲಿನ ದಾಳ ನೋಡಿ, 'ಈ ಕುರ್ಚ್ಯಾಗ ಕುಂತಾವ್ರು ಯಾರನ್ನ ಹೊಡೀಬೇಕು?' ಅಂತ ಕೇಳಿದ್ರು.

ಈಗ ಆ ಕುರ್ಚಿ ಆಯಿದು, ಕತ್ತಿನೂ ಅವರದ. ನಾನೂ ಹಾಳಿ ಒಳಗ ಒಣಗಹಾಕೂದ ಬಿಟ್ಟೀನಿ. ಚಹಾದಾಗ ಅದ್ದಿ, ಅಂಗಡಿ ಮುಂದ ಹಗ್ಗಾ ಕಟ್ಟಿ, ಸ್ಟ್ಯಾಂಡಿಗೆ ಹೋಗೂ ಮಂದಿಗೆಲ್ಲಾ ಕಾಣೂವಂಗ ಬಿಸಲಿಗೆ ಹಾಕ್ತೀನಿ. ಯಾರರೆ ನಿಂತು ಇದೇನವಾ ಅಂತ ಕೇಳಿದ್ರ, ಮಂತ್ರರಿ, ಬರ್ರಿ ಕುಂದ್ರಿ, ಓದಿ ತೋರಸ್ತೀನಿ ಅಂತೀನಿ.