ನಿಂತ ಚುಕ್ಕಿ

ನೀರಿನ ಕಚೇರಿಯ ದೂರು ಕಿಟಕಿಯ ಹಿಂದೆ ಕೂತಿರುವ ಆ ಹೆಂಗಸನ್ನು ಊರಿನ ಅರ್ಧ ಜನ ಬೈದಿದ್ದಾರೆ. ನಲ್ಲಿಯಲ್ಲಿ ನೀರು ಬರದಿದ್ದರೆ ಬೈಯುತ್ತಾರೆ, ಬಂದ ನೀರು ಕೆಂಪಗಿದ್ದರೆ ಬೈಯುತ್ತಾರೆ, ನೀರು ಚೆನ್ನಾಗಿಯೇ ಬಂದು ಪಕ್ಕದ ಮನೆಗೂ ಬಂದರೆ ಅದಕ್ಕೂ ಬೈಯುತ್ತಾರೆ. ಗಾಜಿನ ಕಿಂಡಿ ಇರುವುದು ಎದೆಮಟ್ಟಕ್ಕಿಂತ ಕೆಳಗೆ. ಬೈಯಬೇಕಾದವರು ಮೊದಲು ಸೊಂಟ ಬಗ್ಗಿಸಬೇಕು. "ಬಗ್ಗೋಷ್ಟರಲ್ಲಿ ಅರ್ಧ ಕೋಪ ಇಳಿದಿರುತ್ತೆ. ಕಿಂಡಿ ಕೊರೆದವನು ಬಲು ಬುದ್ಧಿವಂತ" ಎಂದು ಆಕೆ ನಗುತ್ತಾಳೆ.

ವಾರದ ಆರು ದಿನ ಹೀಗೆ. ಭಾನುವಾರ ಬೆಳಿಗ್ಗೆ ಮಾತ್ರ ಕೊರಳಿಗೆ ಸ್ಕಾರ್ಫು, ಅದರ ಮೇಲೊಂದು ಸೀಟಿ. ಹೆಣ್ಣುಮಕ್ಕಳ ಶಾಲೆಯೊಂದರ ಮೈದಾನದಲ್ಲಿ ಆಕೆ ಗೈಡ್ಸ್ ದಳದ ನಾಯಕಿ. ಸಂಬಳವಿಲ್ಲ, ಬಸ್ ಚಾರ್ಜೂ ಕೈಯಿಂದಲೇ. ಮಕ್ಕಳ ಬಾಯಲ್ಲಿ ಆಕೆ ಸೀಟಿ ಅಕ್ಕ. ವಾಸ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ ತಮ್ಮನ ಹೆಂಡತಿಯೇ ಉತ್ತರ ಕೊಡುತ್ತಾಳೆ: "ನಮ್ಮ ಅತ್ತಿಗೆಗೆ ಆಗ್ಲೇ ಆಗೋಗಿದೆ ಬಿಡಿ. ಕೊರಳು ನೋಡಿ, ಸೀಟಿ!"

ಚಿಕ್ಕವಳಿದ್ದಾಗ ಅಪ್ಪ ಆಕೆಯನ್ನು ಗೈಡ್ಸ್‌ಗೆ ಸೇರಿಸಿದ್ದು ಮಗಳು ಧೈರ್ಯ ಕಲಿಯಲಿ ಎಂದೇನಲ್ಲ. ಸಮವಸ್ತ್ರ ಇದೆ, ಪ್ರಾರ್ಥನೆ ಇದೆ, ಇರುವವರೆಲ್ಲ ಹೆಂಗಸರೇ, ಹೇಳಿದ ಮಾತು ಕೇಳುವುದನ್ನು ಕಲಿಸುತ್ತಾರೆ ಎಂದು. ಮಾತು ಕೇಳುವುದನ್ನು ಕಲಿಸಿದ್ದು ನಿಜ. ನೀರು ಕುಡಿಯುವುದಕ್ಕೂ ಕೈಯೆತ್ತಿ ಅಪ್ಪಣೆ ಪಡೆಯಬೇಕು. ಹಿರಿಯರು ಏನಾದರೂ ಕೇಳಿದರೆ ನೆಟ್ಟಗೆ ನಿಂತು ತಕ್ಷಣ ಉತ್ತರ ಕೊಡಬೇಕು. ಆದರೆ ಅದೇ ಜನ ಒಂದು ದಿನ ಕೈಗೆ ನಕ್ಷೆ ಕೊಟ್ಟು, ಇನ್ನೊಬ್ಬ ಹುಡುಗಿಯನ್ನು ಜೊತೆ ಮಾಡಿ, ಹೋಗಿ ಬನ್ನಿ ಎಂದು ಗುಡ್ಡದ ಕಡೆ ಬಿಟ್ಟರು. ಜೊತೆಗೆ ದೊಡ್ಡವರು ಯಾರೂ ಇಲ್ಲ. ದಾರಿ ತಪ್ಪಿತು. ಅತ್ತಳು, ಕೂತಳು, ಎದ್ದಳು, ಹೊತ್ತು ಮುಳುಗುವ ಮೊದಲು ವಾಪಸು ಬಂದಳು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. "ಬಂದ್ಯಾ? ಕೈಕಾಲು ತೊಳ್ಕೊ" ಎಂದರಂತೆ, ಅಷ್ಟೆ. ತನ್ನ ಕಾಲು ತನ್ನದೇ ಎಂದು ಆಕೆಗೆ ಗೊತ್ತಾಗಿದ್ದು ಆ ಸಂಜೆ. ವಿಧೇಯತೆಯನ್ನೂ ಸ್ವಾತಂತ್ರ್ಯವನ್ನೂ ಒಂದೇ ಚೀಲಕ್ಕೆ ತುಂಬಿ ಮಗುವಿನ ಬೆನ್ನಿಗೇರಿಸಿದ್ದರು. ಒಳಗೆ ಯಾವುದು ಯಾವುದನ್ನು ತಿಂದುಹಾಕುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಈಗಿನ ಶಾಲೆಗೂ ಗೈಡ್ಸ್ ಬೇಕು. ಯಾತಕ್ಕೆ ಗೊತ್ತೇ? ಅತಿಥಿಗಳ ಕಾರು ಬಂದಾಗ ಹೂಗುಚ್ಛ ಹಿಡಿದು ಎರಡು ಸಾಲು ನಿಲ್ಲುವುದಕ್ಕೆ. ದಾಖಲಾತಿಯ ಜಾಹೀರಾತಿನಲ್ಲಿ ಸೆಲ್ಯೂಟ್ ಹೊಡೆಯುವ ಹುಡುಗಿಯ ಫೋಟೋ ಹಾಕಿ ಕೆಳಗೆ 'ನಾಯಕತ್ವ ಗುಣ' ಎಂದು ಅಚ್ಚು ಹಾಕಿಸುವುದಕ್ಕೆ. ಹೆತ್ತವರಿಗೂ ಬೇಕು, ಪ್ರಮಾಣಪತ್ರ. ಮಗಳು ಗಂಟು ಹಾಕಲು ಕಲಿತಳೋ ಇಲ್ಲವೋ ಯಾರೂ ವಿಚಾರಿಸುವುದಿಲ್ಲ, ಪತ್ರ ಯಾವಾಗ ಕೈಗೆ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ಮಕ್ಕಳು ಸ್ವಂತ ಕಾಲ ಮೇಲೆ ನಿಲ್ಲಬೇಕು ಎಂದು ಸಭೆಯಲ್ಲಿ ಭಾಷಣ ಮಾಡುವವರೇ ಮೈದಾನದ ಗೇಟಿನವರೆಗೂ ಮಗಳ ಚೀಲ ಹೊತ್ತು ತರುತ್ತಾರೆ.

ಇಂಥ ದಳದಲ್ಲಿ ಒಬ್ಬ ಹುಡುಗಿ ಇದ್ದಳು. ತೆಳ್ಳಗೆ, ಚೂಪು ಮೂಗು, ಅದಕ್ಕಿಂತ ಚೂಪು ನಾಲಿಗೆ. ಹೆಸರು ಸೂಜಿ ಎಂದೇ ನಿಂತಿತು. ಅವಳ ಜೊತೆ ಬಿಡದ ಗೆಳತಿ ದುಂಡಗಿದ್ದಳು, ಆದ್ದರಿಂದ ಗುಂಡಿ. ಸೂಜಿಗೆ ನಕ್ಷೆಯ ಹುಚ್ಚು. ಶಾಲೆಯಿಂದ ಮನೆಗೆ ಹೋಗುವ ದಾರಿಯನ್ನು ಹತ್ತು ಥರ ಬರೆದಿದ್ದಳು, ಎಲ್ಲಿ ನಾಯಿ ಮಲಗುತ್ತದೆ ಎಂಬುದೂ ಸೇರಿ. ಹತ್ತನೇ ತರಗತಿ ಮುಗಿಯುತ್ತಿತ್ತು. ಮುಂದೆ ಭೂಮಿ ಅಳತೆಯ ಡಿಪ್ಲೊಮಾ ಓದಬೇಕು. ಅದಿರುವುದು ಬೇರೆ ಊರಿನಲ್ಲಿ, ಹಾಸ್ಟೆಲ್ಲಿನಲ್ಲಿ ಇರಬೇಕು.

ಅವಳಪ್ಪನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಒಳ್ಳೆಯ ಮನುಷ್ಯ. ಈ ಮಾತನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಮಗಳಿಗೆ ಜ್ವರ ಬಂದರೆ ಅಂಗಡಿ ಮುಚ್ಚುವ ಮನುಷ್ಯ. ಊರಿಗೆಲ್ಲ ದೃಷ್ಟಿ ಸರಿಮಾಡಿಕೊಡುತ್ತಿದ್ದ. ಮಗಳನ್ನು ಮಾತ್ರ ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡುತ್ತಿದ್ದ.

"ಬಿಸಿಲಲ್ಲಿ ಟೇಪು ಹಿಡ್ಕೊಂಡು ಹೊಲ ಗದ್ದೆ ಸುತ್ತೋಕಾ ನಿನ್ನ ಸಾಕಿದ್ದು?" ಎಂದು ಮಗಳಿಗೆ ಅಂದ.

"ಅಂಗಡೀಲಿ ಕೂತು ಗಾಜು ಒರೆಸೋಕಾ ಮತ್ತೆ?" ಎಂದಳು ಸೂಜಿ.

ಜಗಳ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಆತ ಸೀಟಿ ಅಕ್ಕನ ಎದುರಿಗೇ ಒಂದು ಷರತ್ತು ಇಟ್ಟ. "ನಿಮ್ಮ ಶಿಬಿರದಲ್ಲಿ ಅದೇನೋ ನಡಿಗೆ ಇದೆಯಂತಲ್ಲ, ದೊಡ್ಡೋರಿಲ್ದೆ ಹೋಗಿ ಬರೋದು. ಅದನ್ನ ಮಾಡಿ ತೋರಿಸ್ಲಿ. ಹೋಗಿ, ತಾನಾಗೇ ವಾಪಸ್ ಬಂದ್ರೆ ಹಾಸ್ಟೆಲ್‌ಗೆ ನಾನೇ ಬಿಟ್ಟು ಬರ್ತೀನಿ. ಬರ್ಲಿಲ್ಲ, ಈ ಮಾತು ಮತ್ತೆ ಮನೇಲಿ ಎತ್ತಬಾರದು."

"ಆಯ್ತು" ಎಂದಳು ಸೂಜಿ, ಅಪ್ಪನ ಮಾತು ಮುಗಿಯುವ ಮೊದಲೇ.

ಶಿಬಿರಕ್ಕೆ ಜಾಗ ಕೊಡಿಸಿದ್ದು ಸೀಟಿ ಅಕ್ಕನೇ. ಊರ ಹೊರಗೆ ಕೆರೆಯ ದಂಡೆಯಲ್ಲಿ ನೀರಿನ ಕಚೇರಿಯ ಹಳೆಯ ಪಂಪ್‌ಹೌಸ್ ಇದೆ. ಅಲ್ಲಿಂದ ನೀಲಗಿರಿ ತೋಪು ದಾಟಿ, ಆಚೆಯ ಕಲ್ಲು ಸೇತುವೆ ಮುಟ್ಟಿ, ಬೇರೆ ದಾರಿಯಲ್ಲಿ ತಿರುಗಿ ಬರಬೇಕು. ಹೆಡ್‌ಮಿಸ್ ಒಪ್ಪಬೇಕಲ್ಲ. ಹೆತ್ತವರ ಫೋನ್ ಗ್ರೂಪಿನಲ್ಲಿ ಒಂದು ವಾರ ಗದ್ದಲ. ಹಾವು ಇದ್ದರೆ? ಕುಡುಕರಿದ್ದರೆ? ಬಿಸಿಲು ಜಾಸ್ತಿಯಾದರೆ? ಕೊನೆಗೆ ಹೆಡ್‌ಮಿಸ್ ತೀರ್ಪು ಕೊಟ್ಟರು: ಪ್ರತಿ ಜೋಡಿಯ ಚೀಲದಲ್ಲಿ ಒಂದು ಫೋನ್ ಇರಬೇಕು, ಅದು ಎಲ್ಲಿದೆ ಎಂದು ಹೆತ್ತವರ ಪರದೆಯಲ್ಲಿ ಕಾಣುತ್ತಿರಬೇಕು.

ಸೀಟಿ ಅಕ್ಕ ತಲೆಯಾಡಿಸಿದಳು. ಸದ್ದು ಆರಿಸಿದ ಫೋನನ್ನು ಕವರಿಗೆ ಹಾಕಿ ಅಂಟಿಸುತ್ತೇನೆ, ಪ್ರಾಣ ಹೋಗುವ ಆಪತ್ತಿಲ್ಲದೆ ಮಕ್ಕಳು ಅದನ್ನು ಒಡೆಯುವಂತಿಲ್ಲ, ನೀವು ನೋಡಬಹುದು ಆದರೆ ಹಿಂದೆ ಹೋಗುವಂತಿಲ್ಲ ಎಂದಳು. ಹೆತ್ತವರೆಲ್ಲ ಹೂಂಗುಟ್ಟಿದರು. ಹೂಂಗುಟ್ಟುವುದಕ್ಕೇನು, ಬಾಯಿ ಕೂಡ ತೆರೆಯಬೇಕಾಗಿಲ್ಲ.

ಹೊರಡುವ ಬೆಳಿಗ್ಗೆ ಸೂಜಿ ಕೇಳಿದಳು. "ಅಕ್ಕ, ಅಪ್ಪ ಬಂದ್ಬಿಟ್ರೆ?"

"ಯಾರೂ ಬರಲ್ಲ. ನನ್ನ ಮಾತು."

"ನಿಮ್ಮ ಮಾತು ಅಂದ್ರೆ ಸರಿ" ಎಂದು ಚೀಲ ಹೆಗಲಿಗೇರಿಸಿದಳು. "ಬಾರೇ ಗುಂಡಿ, ದಾರ ಕಿತ್ಕೊಂಡು ಹೋಗೋ ಮೊದ್ಲು ನಡಿ."

ಅದು ಶಿಬಿರದ ಕೊನೆಯ ದಿನ. ಮಧ್ಯಾಹ್ನ ಸಮಾರೋಪಕ್ಕೆ ಕರೆದಿದ್ದ ಹೆತ್ತವರು ಬೆಳಿಗ್ಗೆಯೇ ಬಂದಿಳಿದಿದ್ದರು. 'ಸ್ವಾವಲಂಬನ ಶಿಬಿರ' ಎಂಬ ಬ್ಯಾನರಿನ ಕೆಳಗೆ ಕುರ್ಚಿ ಹಾಕಿಕೊಂಡು ಎಲ್ಲರೂ ಅಂಗೈಯಲ್ಲಿ ಚುಕ್ಕಿ ನೋಡುತ್ತಿದ್ದರು. ನೀಲಿ ಚುಕ್ಕಿಗಳು ಇರುವೆಯಂತೆ ಹರಿಯುತ್ತಿದ್ದವು. "ನಿಮ್ಮದು ಮುಂದಿದೆ ಕಣ್ರೀ", "ನಿಮ್ಮದು ಸೇತುವೆ ಮುಟ್ಟೇಬಿಡ್ತು" ಎಂದು ನಗೆಯೂ ನಡೆದಿತ್ತು.

ತೋಪಿನ ನಡುವೆ ಸೂಜಿ ಗುಂಡಿಯರ ಚುಕ್ಕಿ ನಿಂತಿತು.

ಕನ್ನಡಕದಂಗಡಿಯಾತ ಪರದೆಯನ್ನು ಉಜ್ಜಿದ. ಫೋನ್ ಅಲುಗಾಡಿಸಿದ. ಚುಕ್ಕಿ ಅಲ್ಲೇ. ಆತನ ಹೆಂಡತಿ ಕುರ್ಚಿಯಿಂದ ಎದ್ದಳು. ಕರೆ ಮಾಡಿದರೆ ಎತ್ತುವವರಿಲ್ಲ.

"ಅಕ್ಕೋರೇ, ನಿಂತ್ಬಿಟ್ಟಿದ್ದಾರೆ."

"ನಿಲ್ಲಲಿ ಬಿಡಿ. ದಾರಿ ಬಗ್ಗೆ ಅನುಮಾನ ಬಂದಿರುತ್ತೆ. ಅನುಮಾನ ಬಂದ ಕೂಡಲೇ ನಿಲ್ಲಿ, ಕೂತ್ಕೊಳ್ಳಿ, ನೀರು ಕುಡೀರಿ, ಆಮೇಲೆ ನಕ್ಷೆ ಬಿಚ್ಚಿ ಅಂತ ಕಲಿಸಿದ್ದೀನಿ. ಓಡಿದ್ರೆ ಭಯಪಡ್ಬೇಕು. ನಿಂತಿದ್ರೆ ಯೋಚನೆ ಮಾಡ್ತಿದ್ದಾರೆ ಅಂತ."

"ಬಿದ್ದಿದ್ರೆ?" ಎಂದು ತಾಯಿ ಕೇಳಿದಳು.

"ಬಿದ್ರೆ ಸೀಟಿ ಹೊಡೀತಾರಮ್ಮ, ಇಬ್ಬರ ಹತ್ರಾನೂ ಇದೆ."

"ಹೊಡೆಯೋಕೆ ಆಗದೇ ಇದ್ರೆ?"

ಈ ಪ್ರಶ್ನೆಗೆ ಜಗತ್ತಿನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಪ್ರಶ್ನೆಯೊಂದು ಸಿಕ್ಕಿದ ಮೇಲೆ ಇನ್ನೇನು ಬೇಕು? ಕುರ್ಚಿಗಳೆಲ್ಲ ಎದ್ದವು. ಯಾರದೋ ಚಿಕ್ಕಪ್ಪ ಪೇಪರಿನಲ್ಲಿ ಓದಿದ ಯಾವುದೋ ಘಟನೆಯನ್ನು ಹೇಳತೊಡಗಿದ. ಯಾರೋ ಕಾರಿನ ಬೀಗದ ಕೈ ತೆಗೆದರು. ಸೀಟಿ ಅಕ್ಕ ಅಡ್ಡ ನಿಂತು, "ಇನ್ನೊಂದು ಹತ್ತು ನಿಮಿಷ ತಡೀರಿ, ನಾನು ಕೈ ಮುಗೀತೀನಿ" ಎಂದಳು. ಕೈ ಮುಗಿದೂ ಮುಗಿದಳು. ಕಿಟಕಿಯ ಹಿಂದೆ ಕೂತು ಬೈಗುಳ ತಡೆದ ಹೆಂಗಸು, ಬೈಗುಳವಾಗಿದ್ದರೆ ತಡೆಯುತ್ತಿದ್ದಳು. ಆದರೆ ಕನ್ನಡಕದಂಗಡಿಯಾತ ಬೈಯಲಿಲ್ಲ. ಎದುರಿಗೆ ಬಂದು ನಿಂತು, ಹಿರಿಯ ಗಂಡಸು ಕೇಳುವ ದನಿಯಲ್ಲಿ ಕೇಳಿದ.

"ಕಾರು ಹೋಗೋ ದಾರಿ ಯಾವುದು?"

ಆಕೆಯ ಬೆನ್ನು ನೆಟ್ಟಗಾಯಿತು. ಕೈ ತಾನಾಗಿ ಮೇಲೆದ್ದಿತು. "ಪೈಪ್‌ಲೈನ್ ಪಕ್ಕದ ಮಣ್ಣು ರಸ್ತೆ, ಬಲಕ್ಕೆ" ಎಂದಳು.

ನಾಲ್ಕು ಕಾರು ಧೂಳೆಬ್ಬಿಸಿ ಹೊರಟವು. ಕೈ ಇನ್ನೂ ಇಳಿದಿರಲಿಲ್ಲ ಎಂದು ನೋಡಿದವರು ಹೇಳುತ್ತಾರೆ.

ತೋಪಿನಲ್ಲಿ ನಡೆದದ್ದನ್ನು ಆಮೇಲೆ ಹೇಳಿದವಳು ಗುಂಡಿ. ನಕ್ಷೆಯಲ್ಲಿದ್ದ ಕಾಲುದಾರಿಯನ್ನು ಹೊಸ ಕಂದಕವೊಂದು ಕಡಿದುಹಾಕಿತ್ತು. ಗುಂಡಿಗೆ ಅಳು ಬಂತು. ಸೂಜಿ ಅವಳನ್ನು ಕೂರಿಸಿ, ನೀರು ಕುಡಿಸಿ, ಬಿಸ್ಕತ್ತು ಕೊಟ್ಟು, "ಅಳ್ತಾ ಅಳ್ತಾ ತಿನ್ನು, ಉಪ್ಪುಪ್ಪಾಗಿ ಚೆನ್ನಾಗಿರುತ್ತೆ" ಎಂದಳಂತೆ. ಆಮೇಲೆ ನಕ್ಷೆ ಹರಡಿ, ದೂರದ ನೀರಿನ ಟ್ಯಾಂಕಿಗೆ ದಿಕ್ಸೂಚಿ ಹಿಡಿದು, ಕಂದಕವನ್ನು ಪೆನ್ಸಿಲಿನಲ್ಲಿ ಹೊಸದಾಗಿ ಬರೆದು, ಸುತ್ತಿ ಹೋಗುವ ದಾರಿ ಗುರುತಿಸಿದಳು. ಇಬ್ಬರೂ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಿದ್ದರು. ಆಗ ಹಾರ್ನ್ ಕೇಳಿತು.

ಅಪ್ಪ ಓಡಿಬಂದು ಅಪ್ಪಿಕೊಂಡ. ಅಳುತ್ತಿದ್ದ. ಮಗಳ ಬಾಟಲಿಯಲ್ಲಿ ನೀರಿದ್ದರೂ ತನ್ನ ಬಾಟಲಿ ಅವಳ ಬಾಯಿಗೆ ಹಿಡಿದ. "ಹೆದರ್ಕೋಬೇಡ ಕಂದ, ಅಪ್ಪ ಬಂದೆ."

"ನಾನು ಹೆದರ್ಕೊಂಡಿರ್ಲಿಲ್ಲಪ್ಪ."

"ಆಯ್ತು ಆಯ್ತು, ಇರ್ಲಿ."

"ದಾರಿ ಸಿಕ್ಕಿದೆ ಅಪ್ಪ. ನಡ್ಕೊಂಡೇ ಬರ್ತೀನಿ. ಬೇಕಿದ್ರೆ ಹಿಂದಿಂದ ಕಾರಲ್ಲಿ ಬನ್ನಿ."

"ಹತ್ತಮ್ಮ ಮೊದ್ಲು. ನಿಮ್ಮಮ್ಮ ಅಲ್ಲಿ ಅರ್ಧ ಜೀವ ಆಗಿದ್ದಾಳೆ."

ಅವಳು ಹತ್ತಿದಳು. ಎತ್ತಿ ಹಾಕಲಿಲ್ಲ, ಹೊಡೆಯಲಿಲ್ಲ. ಪ್ರೀತಿಯಿಂದ ಬಾಗಿಲು ತೆರೆದರು, ಹತ್ತಿದಳು. ಹೊಡೆದು ಕೂರಿಸಿದ್ದರೆ ಮುಂದೊಂದು ದಿನ ತಿರುಗಿ ಬೀಳಲು ಅವಳಿಗೊಂದು ಕಾರಣವಾದರೂ ಇರುತ್ತಿತ್ತು. ನಮ್ಮ ಕಾಲ ಬುದ್ಧಿವಂತ ಕಾಲ, ಆ ಕಾರಣವನ್ನೂ ಮಕ್ಕಳ ಕೈಯಿಂದ ಕಿತ್ತುಕೊಂಡಿದೆ. ಗ್ರೂಪಿನಲ್ಲಿ ಫೋಟೋ ಬಂತು, 'ದೇವರು ದೊಡ್ಡವನು, ಮಕ್ಕಳು ಸುರಕ್ಷಿತ' ಎಂದು. ಕೆಳಗೆ ಕೈ ಮುಗಿಯುವ ಚಿತ್ರಗಳ ಸುರಿಮಳೆ.

ಮರುವಾರ ಹೆಡ್‌ಮಿಸ್ ಕರೆಸಿದರು. "ನಿಮ್ಮ ಶ್ರದ್ಧೆ ಬಗ್ಗೆ ಎರಡು ಮಾತಿಲ್ಲ" ಎಂದು ಶುರುಮಾಡಿದರು, ಹಾಗೆ ಶುರುವಾದ ಮಾತು ಎಲ್ಲಿ ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಇನ್ನು ಮೇಲೆ ನಡಿಗೆ ಇಲ್ಲ. ಅದರ ಬದಲು ಮಕ್ಕಳನ್ನು ಸಾಹಸ ಪಾರ್ಕಿಗೆ ಕರೆದೊಯ್ಯುತ್ತಾರೆ. ಅಲ್ಲಿ ಸೊಂಟಕ್ಕೆ ಬೆಲ್ಟು ಕಟ್ಟಿ, ಹಗ್ಗಕ್ಕೆ ನೇತುಹಾಕಿ, ಹೆದರಿಕೆಯಾದರೆ ಕೆಳಗಿಳಿಸುತ್ತಾರೆ. ಕೊನೆಗೆ ಧೈರ್ಯಕ್ಕೆ ಪ್ರಮಾಣಪತ್ರವನ್ನೂ ಕೊಡುತ್ತಾರೆ. "ಅತಿಥಿಗಳ ಸ್ವಾಗತಕ್ಕೆ ಸಾಲು ಮಾತ್ರ ನೀವೇ ನಿಲ್ಲಿಸ್ಬೇಕು. ನಿಮ್ಮಷ್ಟು ಶಿಸ್ತಾಗಿ ಬೇರೆ ಯಾರ ಕೈಲೂ ಆಗಲ್ಲ."

ಸೀಟಿ ಅಕ್ಕ ರಾಜೀನಾಮೆ ಮುಖಕ್ಕೆಸೆದು ಬಂದಳು ಎಂದು ಬರೆಯಲು ಕೈ ತುರಿಸುತ್ತದೆ. ಎಸೆಯಲಿಲ್ಲ. "ಆಗ್ಲಿ ಮೇಡಂ" ಎಂದಳು. ಈಗಲೂ ಸಾಲು ನಿಲ್ಲಿಸುತ್ತಾಳೆ. ಹೂಗುಚ್ಛ ಹಿಡಿದ ಮೊಣಕೈಗಳೆಲ್ಲ ಒಂದೇ ಮಟ್ಟದಲ್ಲಿರುತ್ತವೆ.

ಒಂದು ಕೆಲಸ ಮಾತ್ರ ಮಾಡಿದಳು. ಡಿಪ್ಲೊಮಾ ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಕಚೇರಿಗೆ ಅರ್ಧ ದಿನ ರಜೆ ಹಾಕಿ ಕನ್ನಡಕದ ಅಂಗಡಿಗೆ ಹೋದಳು. ಗೋಡೆ ತುಂಬ ಕಣ್ಣಿಲ್ಲದ ಕನ್ನಡಕಗಳು. ಸೂಜಿ ಮೂಲೆಯ ಸ್ಟೂಲಿನ ಮೇಲೆ ಕೂತು ಫ್ರೇಮುಗಳನ್ನು ಒರೆಸುತ್ತಿದ್ದಳು. ಅಕ್ಕನನ್ನು ಕಂಡು ಅವಳ ಮುಖ ಅರಳಿತು. ಎದ್ದೇ ನಿಂತಳು.

"ಅವಳ ಹಾಸ್ಟೆಲ್ ವಿಚಾರ ಮಾತಾಡೋಣ ಅಂತ ಬಂದೆ ಯಜಮಾನ್ರೆ" ಎಂದಳು ಸೀಟಿ ಅಕ್ಕ.

"ಅದು ಮುಗಿದ ವಿಚಾರ ಅಲ್ವಾ? ಷರತ್ತು ನಿಮ್ಮ ಮುಂದೇನೇ ಆಗಿತ್ತು. ದಾರಿ ತಪ್ಪಿದ್ಲು."

"ತಪ್ಪಿದ್ಲು, ಸರಿ ಮಾಡ್ಕೊಂಡ್ಲು. ದಾರಿ ತಪ್ಪದೇ ಇರೋದಲ್ಲ ಪರೀಕ್ಷೆ. ನೀವು ಹೋಗ್ದೇ ಇದ್ದಿದ್ರೆ ಅವಳೇ ಬರ್ತಿದ್ಲು."

"ಅದನ್ನೇ ನಾನೂ ಅಂದೆ ಅಪ್ಪ" ಎಂದಳು ಸೂಜಿ. "ಅಕ್ಕ ಅಂತೂ ನಿಮ್ಮನ್ನ ತಡೆದೇ ತಡೆದಿರ್ತಾರೆ, ನೀವೇ ನುಗ್ಗಿ ಬಂದಿದ್ದು."

ಆತನಿಗೆ ಸಿಟ್ಟು ಬರಲಿಲ್ಲ. ಕೈಯಲ್ಲಿದ್ದ ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಲೇ ನಕ್ಕ.

"ಹಂಗೇನಿಲ್ಲಮ್ಮ. ಪಾಪ, ಎಷ್ಟು ಚೆನ್ನಾಗಿ ದಾರಿ ಹೇಳಿದ್ರು. ಪೈಪ್‌ಲೈನ್ ರಸ್ತೆ, ಬಲಕ್ಕೆ ಅಂತ ಕೈ ಮಾಡಿ ತೋರಿಸಿದ್ದೇ ನಿಮ್ಮಕ್ಕ. ಇಲ್ದಿದ್ರೆ ಆ ಕಾಡಲ್ಲಿ ನಾನೆಲ್ಲಿ ಹುಡುಕ್ತಿದ್ದೆ ನಿನ್ನ?"

ಸೂಜಿ ತಿರುಗಿ ನೋಡಿದಳು. "ನೀವಾ?"

ಸೀಟಿ ಅಕ್ಕನಿಗೆ ಹೇಳಲು ಬೇಕಾದಷ್ಟಿತ್ತು. ಅಡ್ಡ ನಿಂತಿದ್ದೆ, ಕೈ ಮುಗಿದಿದ್ದೆ, ಹತ್ತು ನಿಮಿಷ ಕೇಳಿದ್ದೆ.

"ಹೂಂ" ಎಂದಳು.

ಸೂಜಿ ಸ್ಟೂಲಿನ ಮೇಲೆ ಕೂತು ಇನ್ನೊಂದು ಫ್ರೇಮು ಕೈಗೆತ್ತಿಕೊಂಡಳು. "ಕಾಮರ್ಸ್‌ಗೇ ಸೇರ್ತೀನಿ ಅಪ್ಪ" ಎಂದಳು, ತಲೆ ಎತ್ತದೆ. "ಇಲ್ಲೇ ಹತ್ರ ಕಾಲೇಜಿದೆಯಲ್ಲ, ಅಲ್ಲಿಗೆ."

"ನೋಡಿದ್ರಾ, ಬುದ್ಧಿ ಬಂತು" ಎಂದು ಆತ ಸಂತೋಷದಿಂದ ಹೊರಗೆ ಇಣುಕಿ ಟೀ ಹೇಳಿದ. "ಕೂತ್ಕೊಳ್ಳಿ ಅಕ್ಕೋರೇ. ಮೊದಲ ಸಲ ಅಂಗಡಿಗೆ ಬಂದಿದ್ದೀರಿ, ಕುಡೀದೆ ಹೋಗಬಾರದು."

ಸೀಟಿ ಅಕ್ಕ ಕೂತಳು. ಟೀ ಬಂತು. ಲೋಟ ಖಾಲಿಯಾಗುವವರೆಗೂ ಕುಡಿದಳು.