ರಾಕ್ಷಸಿಯ ಮನೆಯ ಮುದ್ದೆ

ನಾನು ಧೈರ್ಯಸ್ಥನಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ಕ್ಷೇಮ. ಇಲ್ಲದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅದೂ ಉದಾಹರಣೆಗಳ ಸಮೇತ. ನಮ್ಮ ಬೀದಿಯ ತುದಿಯಲ್ಲಿ ಮಲಗುವ ಕೆಂದು ನಾಯಿಯೊಂದನ್ನು ತಪ್ಪಿಸಲು ಅರ್ಧ ಹೊಸೂರನ್ನೇ ಬಳಸಿಕೊಂಡು ಶಾಲೆಗೆ ಹೋಗುವ ಲೆಕ್ಕದ ಮೇಷ್ಟ್ರು ನಾನು. ಆದರೆ ಭಾನುವಾರ ಮಾತ್ರ ನಾನು ರಣಧೀರ. ಕೈಯಲ್ಲಿ ಗರಗಸದಂಥ ಕತ್ತಿ, ಮೈಮೇಲೆ ಘೇಂಡಾಮೃಗದ ಚರ್ಮದ ಕವಚ. ಕೂತಿರುವುದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎಂಬುದು ಬೇರೆ ಮಾತು.

ಇದೊಂದು ಆಟ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, 'ನಾನು ಹೀಗೆ ಮಾಡುತ್ತೇನೆ' ಎನ್ನುತ್ತಾರೆ. ಅದು ಫಲಿಸಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಬೇರೆ ಊರುಗಳಲ್ಲಿ ಇದನ್ನು ಮೇಜಿನ ಸುತ್ತ ಕೂತು ಆಡುತ್ತಾರಂತೆ. ನಾವು ನಾಲ್ವರು ಮೂರು ಊರುಗಳಲ್ಲಿ ಹಂಚಿಹೋಗಿರುವುದರಿಂದ ಫೋನಿನಲ್ಲಿ ಆಡುತ್ತೇವೆ, ಬರೀ ಧ್ವನಿಯಲ್ಲಿ. ಮೊದಮೊದಲು ವೀಡಿಯೊ ಇತ್ತು. ಆದರೆ ನಮ್ಮ ಮಹಾಮಾಂತ್ರಿಕ ತೂತು ಬನಿಯನ್ನಿನಲ್ಲಿ ಕೂತು ಸಿಡಿಲು ಕರೆಯುವುದನ್ನು ನೋಡಿದ ಮೇಲೆ ಅದನ್ನು ನಿಲ್ಲಿಸಿದೆವು. ಕಣ್ಣು ಮುಚ್ಚಿದರೆ ಏನೆಲ್ಲ ಕಾಣುತ್ತದೆ ನೋಡಿ! ಅಡುಗೆಮನೆಯ ಸದ್ದು ಕೇಳಿಯೇ ಇವತ್ತು ಹೆಂಡತಿಯ ಮನಸ್ಸು ಹೇಗಿದೆಯೆಂದು ಹೇಳಬಲ್ಲ ನಮ್ಮಂಥವರಿಗೆ ಕಿವಿಯೇ ಸಾಕು. ದಾಳವನ್ನು ಮಾತ್ರ ಎಲ್ಲರೂ ಸ್ಟೀಲ್ ತಟ್ಟೆಯಲ್ಲೇ ಉರುಳಿಸಬೇಕು. ಟಣಟಣ ಸದ್ದು ಬಾರದಿದ್ದರೆ ಮೋಸ ಎಂದೇ ಅರ್ಥ.

ಆ ಮಾಂತ್ರಿಕನ ಹೆಸರು ಮುನಿರಾಜ, ನನ್ನ ಬಾಲ್ಯದ ಗೆಳೆಯ. ಬೇರಿಕೆಯಲ್ಲಿ ಟೊಮೇಟೊ ಬೆಳೆಯುತ್ತಾನೆ. ಕಳ್ಳನ ಪಾತ್ರ ಷಣ್ಮುಗಂ ಅವರದು. ಕೃಷ್ಣಗಿರಿಯಲ್ಲಿ ಮಾವಿನ ಮಂಡಿ ಇಟ್ಟಿರುವ ಪರಮ ಸಜ್ಜನ. ಕಥೆ ನಡೆಸುವವಳು ನಂದಿನಿ, ನನ್ನ ಹೆಂಡತಿಯ ಅಣ್ಣನ ಮಗಳು. ಕೃಷ್ಣಗಿರಿಯಲ್ಲೇ ಅಜ್ಜಿಯ ಜೊತೆ ಇದ್ದುಕೊಂಡು ಕಚೇರಿಗೆ ಹೋಗುತ್ತಾಳೆ. ಆ ಅಜ್ಜಿ ಎಂದರೆ ನನ್ನ ಅತ್ತೆ.

ಹೋದ ತಿಂಗಳು ನಂದಿನಿ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಮಾವ, ನೀವೆಲ್ಲ ಬರೀ ಹರಟೆ ಹೊಡೀತೀರ. ಈ ಭಾನುವಾರ ರಾಕ್ಷಸಿ ಗವಿ ದಾಟ್ಲಿಲ್ಲ ಅಂದ್ರೆ ಕಥೆ ಮುಗೀತು. ನಂಗೂ ಬೇರೆ ಕೆಲಸ ಐತೆ."

ಅವಳ ಮಾತು ಸುಳ್ಳಲ್ಲ. ಹಿಂದಿನ ವಾರ ಒಂದು ಸೇತುವೆ ದಾಟುವ ಬದಲು ನಾವು ಅದನ್ನು ಕಟ್ಟಿದ ಗುತ್ತಿಗೆದಾರನನ್ನು ಬೈಯುತ್ತ ಕಾಲ ಕಳೆದಿದ್ದೆವು. ಆದರೆ ಆಟ ನಿಂತರೆ ನನ್ನ ಗತಿ? ವಾರವಿಡೀ ಯಾರೂ ನನ್ನ ಮಾತು ಕೇಳುವುದಿಲ್ಲ, ನಾಯಿಯಂತೂ ಕೇಳುವುದೇ ಇಲ್ಲ. ರಣಧೀರ ಹೋದರೆ ಉಳಿಯುವುದು ನಾನೊಬ್ಬನೇ. ಆ ಮನುಷ್ಯನ ಜೊತೆ ಭಾನುವಾರ ಕಳೆಯುವುದು ನನಗೆ ಬೇಡವಾಗಿತ್ತು.

ಭಾನುವಾರ ಬಂತು. ಕಾಡು ದಾಟಿದೆವು, ಹೊಳೆ ಈಜಿದೆವು, ಊಟದ ಹೊತ್ತಿಗೆ ಗವಿಯ ಬಾಗಿಲಿಗೆ ಬಂದೆವು. "ಒಳಗಿಂದ ಹೊಗೆ ಬರ್ತಾ ಐತೆ," ಎಂದಳು ನಂದಿನಿ. "ಒಂದು ನಿಮಿಷ..." ಎಂದು ಸುಮ್ಮನಾದಳು. ಆಹಾ, ಎಂಥ ಕುತೂಹಲ ಹುಟ್ಟಿಸುತ್ತಾಳೆ ಹುಡುಗಿ ಎಂದುಕೊಂಡೆ. ದೂರದಲ್ಲಿ ಏನೋ ಕುದಿಯುವ ಸದ್ದು. ಕೋಲಿನಲ್ಲಿ ಏನನ್ನೋ ತಿರುವುವ ಸದ್ದು. ಆಮೇಲೆ, ಅಯ್ಯಯ್ಯೋ, ಒಂದು ಧ್ವನಿ!

"ಎಷ್ಟೊತ್ತಿಂದ ಕಾಯ್ತಾ ಇವ್ನಿ! ಬಂದು ಉಣ್ತೀಯೋ, ಇಲ್ಲ ನಾನೇ ಬರ್ಲೋ?"

ರಣಧೀರ ಕತ್ತಿ ಹಿರಿಯಬೇಕಿತ್ತು. ಆದರೆ ನಮ್ಮ ಕಡೆಯವರಿಗೆ ಊಟಕ್ಕೆ ಕರೆದರೆ ಬಾಯಿಂದ ಬರುವ ಮಾತು ಒಂದೇ. "ಈಗ ತಾನೇ ಆಯ್ತು ತಾಯಿ, ಬೇಡಿ," ಎಂದುಬಿಟ್ಟೆ.

"ಯಾರಪ್ಪ ನೀವು?" ಎಂದಿತು ಧ್ವನಿ.

"ದಾರಿಹೋಕರು ತಾಯಿ."

"ದಾರೀಲಿ ಹೋಗೋರಿಗೆ ಹಸಿವಾಗಲ್ವಾ? ಮುದ್ದೆ ಬಿಸಿಯಾಗೈತೆ, ಎರಡು ತುತ್ತು ಉಂಡ್ಕೊಂಡು ಹೋಗಿ."

"ಸಾರೇನಮ್ಮ?" ಎಂದ ಮುನಿರಾಜ. ಅವನು ಹುಟ್ಟಾ ಮಾಂತ್ರಿಕನಲ್ಲ, ಹುಟ್ಟಾ ಊಟಗಾರ.

"ಅವರೆಕಾಳು."

ಅಲ್ಲಿಗೆ ಮುಗಿಯಿತು. "ನಾನು ಕೂತ್ಕೊಂಡು ಉಣ್ತೀನಿ," ಎಂದು ಮುನಿರಾಜ ಘೋಷಿಸಿದ. "ಅಮ್ಮಾ, ನನಗೆ ಸ್ವಲ್ಪ ಸಾಕು," ಎಂದರು ಷಣ್ಮುಗಂ. ಇನ್ನು ನಾನೊಬ್ಬ ಬೇಡವೆಂದರೆ ಚೆನ್ನಾಗಿರುತ್ತದೆಯೇ? ನಾನೂ ಉಂಡೆ. ಉಂಡು, ಕಲಾವಿದೆಗೆ ಸಲ್ಲಬೇಕಾದ್ದನ್ನು ಸಲ್ಲಿಸೋಣವೆಂದು ದೊಡ್ಡ ದನಿಯಲ್ಲಿ ಹೇಳಿದೆ: "ಶಭಾಷ್ ನಂದಿನಿ! ಎಂಥ ರಾಕ್ಷಸಿ ಗಂಟಲಮ್ಮ ನಿಂದು! ಗವಿಯೊಳಗಿಂದ ಎಮ್ಮೆ ಕೂಗಿದಂಗಿತ್ತು!"

ಆ ಕಡೆಯಿಂದ ಬಹಳ ಮೆಲ್ಲಗೆ, "ಅಳಿಯಂದ್ರಾ?"

ಈ ಪಿಸುದನಿ ನನಗೆ ಚೆನ್ನಾಗಿ ಗೊತ್ತು. ಅಳಿಯನೆದುರು ಗಂಟಲೆತ್ತಬಾರದೆಂದು ನನ್ನ ಮದುವೆಯಾದಂದಿನಿಂದ ಅತ್ತೆ ನನ್ನೊಡನೆ ಅಡುಗೆಮನೆ ಬಾಗಿಲ ಮರೆಯಿಂದ ಪಿಸುಗುಟ್ಟಿಯೇ ಮಾತಾಡಿದವರು. ಅವರ ನಿಜವಾದ ಕಂಠವನ್ನು ನಾನು ಕೇಳಿದ್ದು ಅಂದೇ ಮೊದಲು. ಕೇಳಿದೊಡನೆ ಎಮ್ಮೆ ಎಂದೆ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅಷ್ಟರಲ್ಲಿ ನಂದಿನಿ ಓಡಿ ಬಂದಳು. ಬಾಗಿಲಿಗೆ ನೀರಿನ ಕ್ಯಾನಿನವನು ಬಂದಿದ್ದನಂತೆ. ಫೋನನ್ನು ಹಾಗೇ ಇಟ್ಟು ಹೋಗಿದ್ದಳು. ಅವಳನ್ನು ಊಟಕ್ಕೆ ಕರೆಯುತ್ತಿದ್ದ ಅಜ್ಜಿ, ಫೋನಿನಲ್ಲಿರುವವರು ಮೊಮ್ಮಗಳ ಆಫೀಸಿನವರೆಂದು ತಿಳಿದು ಉಪಚಾರ ಮಾಡಿದ್ದರು.

"ಸರಿ, ಅದೆಲ್ಲ ಬಿಡಿ. ರಾಕ್ಷಸಿ ಎದುರಿಗೆ ನಿಂತವ್ಳೆ. ಕತ್ತಿ ತೆಗೀರಿ ಮಾವ!"

"ಅದೆಂಗಮ್ಮ ಆಯ್ತದೆ?" ಎಂದ ಮುನಿರಾಜ. "ಉಂಡ ಮನೆಗೆ ಎರಡು ಬಗೀಬಾರ್ದು. ಲೇ, ಕತ್ತಿ ಒಳಕ್ಕಿಕ್ಕಲಾ!"

"ಉಂಡಿದ್ದು ಅಜ್ಜಿ ಮುದ್ದೆ! ರಾಕ್ಷಸೀದಲ್ಲ!"

"ಯಾರ್ದಾದ್ರೇನು, ಆ ಗವಿ ಬಾಗ್ಲಾಗೆ ಕೂತು ಉಂಡಿದ್ದು ಕಣಮ್ಮ. ಉಂಡ್ಮೇಲೆ ಉಂಡಂಗೇ."

ಷಣ್ಮುಗಂ ಕೂಡ, "ಪಾವಂ, ಪಾಪ, ಅಷ್ಟು ಪ್ರೀತಿಯಿಂದ ಬಡಿಸಿದರು," ಎಂದರು. ನನಗಂತೂ ಕತ್ತಿ ಎತ್ತುವ ಮುಖವೇ ಇರಲಿಲ್ಲ. "ಹಂಗಾದ್ರೆ ಗವಿ ದಾಟಂಗಿಲ್ಲ. ಆಟ ಮುಗೀತು," ಎಂದಳು ನಂದಿನಿ, ಅಳುವ ದನಿಯಲ್ಲಿ. ರಣಧೀರನ ಕಥೆ ಒಂದು ಮುದ್ದೆಯಲ್ಲಿ ಕೊನೆಯಾಯಿತಲ್ಲ ಎಂದುಕೊಂಡು ನಾನೂ ದಾಳವನ್ನು ಸದ್ದಾಗದಂತೆ ತಟ್ಟೆಯಲ್ಲಿಟ್ಟೆ.

ಆಗ ಮತ್ತೆ ಆ ಪಿಸುದನಿ. "ಲೇ ನಂದಿನಿ, ಉಂಡೋರ್ನ ಬಾಗ್ಲಾಗೆ ಅಡ್ಡ ಹಾಕ್ತಾರೇನೇ? ನಮ್ಮನೇಲಿ ನಿಂಗೆ ಇದೇನಾ ಕಲ್ಸಿರೋದು? ಎಲೆ-ಅಡಿಕೆ ಕೊಟ್ಟು ಬಾಗ್ಲು ತೆಗ್ದು ಕಳ್ಸು."

"ಅಜ್ಜಿ, ಅವ್ಳು ರಾಕ್ಷಸಿ!"

"ಇದ್ಕೊಳ್ಳಿ. ಮನೆ ಅಂತ ಮೇಲೆ ಮರ್ಯಾದೆ ಬ್ಯಾಡ್ವಾ?"

ನಂದಿನಿ ಹಲ್ಲು ಕಚ್ಚಿಕೊಂಡೇ, "ರಾಕ್ಷಸಿ... ಎಲೆ-ಅಡಿಕೆ ಕೊಟ್ಟಳು. ಬಾಗಿಲು ತೆಗೆದಳು," ಎಂದಳು. ನಾವು ಮೂವರೂ ಒಟ್ಟಿಗೆ, "ಹೋಗಿ ಬರ್ತೀವಿ ತಾಯಿ," ಎಂದು ಗವಿ ದಾಟಿದೆವು. ದಾಳ ತಟ್ಟೆಯಲ್ಲೇ ತಣ್ಣಗೆ ಕೂತಿತ್ತು. ಕಥೆ ಉಳಿಯಿತು.

"ಅತ್ತೆ, ಆ ಎಮ್ಮೆ ಅಂದಿದ್ದು..." ಎಂದು ತೊದಲಿದೆ.

"ಎಮ್ಮೆ ಕೂಗೋದು ಕರು ಹಸ್ದೈತೆ ಅಂತ ಅಳಿಯಂದ್ರೆ. ಇರ್ಲಿ, ಹೋಗ್ಬನ್ನಿ," ಎಂದರು ಅತ್ತೆ.

ಆಮೇಲೆ ತಿಳಿದದ್ದು: ಮುನಿರಾಜ ಉಣ್ಣುವ ಮುಂಚೆ ತೋಟದ ಮೋಟರಿನ ನೀರಿನಲ್ಲಿ ಕೈ ತೊಳೆದಿದ್ದನಂತೆ. ಷಣ್ಮುಗಂ ತಮ್ಮದೇ ಮಂಡಿಯಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರಂತೆ. ನಗುವ ಯೋಗ್ಯತೆ ನನಗೂ ಇಲ್ಲ. ನಾನು ಯಾವಾಗಲೋ ಕುರ್ಚಿಯಿಂದೆದ್ದು, ಮಡಿಚಿ ಕಟ್ಟಿದ್ದ ಪಂಚೆ ಇಳಿಬಿಟ್ಟು, ಮೇಜಿನ ಮೇಲಿದ್ದ ಫೋನಿಗೆ ಎರಡೂ ಕೈ ಮುಗಿದು ನಿಂತಿದ್ದೆ. ಒಗೆದ ಬಟ್ಟೆ ಹೊತ್ತು ಬಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು.

"ಏನ್ರೀ ಇದು? ಯಾರಿಗೆ ಕೈ ಮುಗೀತಾ ಇದೀರ?"

"ನಿಮ್ಮಮ್ಮನಿಗೆ," ಎಂದೆ. "ಫೋನಿನಲ್ಲಿದ್ದಾರೆ."

ಅವಳು ಪಕ್ಕನೆ ನಕ್ಕಳು. "ಕಾಣದೇ ಇರೋರಿಗೆ ಕೈ ಮುಗಿಯೋದು ನೋಡು!" ಎಂದಳು. ಎನ್ನುತ್ತಲೇ ರಾಶಿಯಿಂದ ಒಂದು ಟವೆಲ್ ಎಳೆದು, ನೈಟಿಯ ಮೇಲೆ ಹೊದ್ದುಕೊಂಡು, "ಹೇಳಮ್ಮ," ಎಂದಳು.